ಹಂಪಿಯ ಬಂಡೆ ಬಿಡಿ, ಸಂಡೂರಿನ ಏರು ಹಿಡಿಯಿರಿ

ಮಳೆಗಾಲ ಮುಗಿದು ಬಿಸಿಲು ಹದಕ್ಕೆ ಬರುವ ಹೊತ್ತಿಗೆ ಓದುಗರಿಂದ ನನಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಹಂಪಿಯಂಥ ಬಂಡೆಗಳ ನಾಡು ಇಟ್ಟುಕೊಂಡು ನಾವೇಕೆ ಮೌಂಟನ್ ಬೈಕ್ ರೇಸ್ ನಡೆಸುವುದಿಲ್ಲ? ಕೇಳುವವರು ಹೆಚ್ಚಾಗಿ ಹೊಸಪೇಟೆಯ ಕಾಲೇಜು ಹುಡುಗರು. ಅದರ ಬೆನ್ನಿಗೇ ಅಪ್ಪ ಅಮ್ಮಂದಿರ ಪ್ರಶ್ನೆಯೂ ಬರುತ್ತದೆ: ಮಗ ಹಟ ಹಿಡಿದು ಗೇರ್ ಸೈಕಲ್ ಕೊಡಿಸಿಕೊಂಡಿದ್ದಾನೆ, ಬೆಳಗಾದರೆ ಗುಡ್ಡ ಹತ್ತಲು ಹೋಗುತ್ತಾನೆ, ಇದರಲ್ಲಿ ಮುಂದೆ ಏನಾದರೂ ಇದೆಯೇ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಎಂಬುದು ನನ್ನ ನಂಬಿಕೆ. ರೇಸ್ ಬೇಕು, ಆದರೆ ಹಂಪಿಯ ಸ್ಮಾರಕಗಳ ನಡುವೆ ಬೇಡ. ಒಂದು ರೇಸ್ ಮಾಡಿ ಕೈತೊಳೆದುಕೊಂಡರೆ ಸಾಲದು, ಚಳಿಗಾಲದ ಉದ್ದಕ್ಕೂ ಸಾಲಾಗಿ ನಾಲ್ಕಾದರೂ ಬೇಕು.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಮೌಂಟನ್ ಬೈಕ್ ರೇಸಿನಲ್ಲಿ ಹಲವು ಬಗೆಗಳಿವೆ. ಗುಡ್ಡದ ತುದಿಯಿಂದ ಕೆಳಕ್ಕೆ ಧುಮ್ಮಿಕ್ಕುವ ಡೌನ್‌ಹಿಲ್ ಬೇರೆ, ಇಡೀ ದಿನ ಓಡುವ ಮ್ಯಾರಥಾನ್ ಬೇರೆ. ಒಲಿಂಪಿಕ್ಸಿನಲ್ಲಿ ಇರುವುದು ಕ್ರಾಸ್‌ಕಂಟ್ರಿ. ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತು, ಅದರಲ್ಲಿ ಏರು, ಇಳುಕಲು, ಕಲ್ಲು, ಕಾಲುದಾರಿ ಎಲ್ಲವೂ. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಅದೇ ಸುತ್ತನ್ನು ಮತ್ತೆ ಮತ್ತೆ ಹೊಡೆಯುತ್ತಾರೆ. ಹಿರಿಯರ ವಿಭಾಗದಲ್ಲಿ ಗೆದ್ದವನು ಗುರಿ ಮುಟ್ಟಲು ಹೆಚ್ಚುಕಡಿಮೆ ಒಂದೂವರೆ ಗಂಟೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದ ಹುಡುಗರು ಹಳೇ ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡಕ್ಕೆ ಹೊತ್ತೊಯ್ದು ಇಳಿಸುತ್ತಿದ್ದುದರಿಂದ ಶುರುವಾದ ಈ ಹುಚ್ಚು 1990ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆಯಿತು, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಬಂತು. ಅಲ್ಲಿ ಮೊದಲ ಸಲವೇ ಗಂಡಸರಿಗೂ ಹೆಂಗಸರಿಗೂ ಸ್ಪರ್ಧೆ ಇತ್ತು. ನೆದರ್‌ಲ್ಯಾಂಡ್ಸಿನ ಬಾರ್ಟ್ ಬ್ರೆಂಟ್ಯೆನ್ಸ್, ಇಟಲಿಯ ಪಾವೊಲಾ ಪೆಟ್ಸೊ ಚಿನ್ನ ಗೆದ್ದರು.

ಡಾಂಬರು ರಸ್ತೆಯ ರೇಸ್ ನೋಡಿ ಬಂದವರಿಗೆ ಇದರ ಲೆಕ್ಕ ಸುಲಭಕ್ಕೆ ಹಿಡಿಯುವುದಿಲ್ಲ. ರಸ್ತೆಯಲ್ಲಿ ಗುಂಪಿನ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಂಡು ಶಕ್ತಿ ಉಳಿಸಬಹುದು, ಕೊನೆಯ ನೂರಿನ್ನೂರು ಮೀಟರಿನಲ್ಲಿ ಮುನ್ನುಗ್ಗಿ ಗೆಲ್ಲಬಹುದು. ಕ್ರಾಸ್‌ಕಂಟ್ರಿಯಲ್ಲಿ ಆ ಆಸರೆ ಸಿಗುವುದಿಲ್ಲ. ಏರಿನಲ್ಲಿ ವೇಗ ಕಡಿಮೆ, ಗಾಳಿಯ ತಡೆ ನಗಣ್ಯ, ಯಾರ ಬೆನ್ನ ಹಿಂದೆ ನಿಂತರೂ ಲಾಭವಿಲ್ಲ. ಹೊರಟ ಕೂಡಲೇ ಅಗಲ ದಾರಿ ಮುಗಿದು ಒಬ್ಬರೇ ಹೋಗಬಹುದಾದ ಕಾಲುದಾರಿ ಶುರುವಾಗುತ್ತದೆ. ಅಲ್ಲಿಗೆ ಮೊದಲು ಹೊಕ್ಕವರೇ ಮುಂದೆ, ಹಿಂದೆ ಸಿಕ್ಕಿದವರಿಗೆ ದಾಟಲು ಜಾಗವಿಲ್ಲ. ಹಾಗಾಗಿ ಓಟದ ಮೊದಲ ಎರಡು ನಿಮಿಷವೇ ಅತ್ಯಂತ ತುರುಸಿನದು. ಅಲ್ಲಿ ಉಸಿರೆಲ್ಲ ಸುರಿದವನಿಗೆ ಮೂರನೇ ಸುತ್ತಿನಲ್ಲಿ ಕಾಲು ಬರುವುದಿಲ್ಲ, ಉಳಿಸಿಕೊಂಡವನಿಗೆ ದಾರಿ ಸಿಗುವುದಿಲ್ಲ. ಈ ಇಕ್ಕಟ್ಟನ್ನು ಬಿಡಿಸಿಕೊಳ್ಳುವುದೇ ಆಟದ ತಿರುಳು. ಇನ್ನೊಂದು ನಿಯಮವೂ ಬಿರುಸಿನದೇ. ಮುಂದಿರುವವನ ಮೊದಲ ಸುತ್ತಿನ ಸಮಯಕ್ಕಿಂತ ಶೇ 80ರಷ್ಟು ಹೆಚ್ಚು ಹಿಂದುಳಿದವರನ್ನು ತೀರ್ಪುಗಾರರು ಕಣದಿಂದ ಹೊರತೆಗೆಯುತ್ತಾರೆ. ಮುಂದಿರುವವನು ಹದಿನೈದು ನಿಮಿಷಕ್ಕೆ ಸುತ್ತು ಮುಗಿಸಿದ್ದರೆ ಇಪ್ಪತ್ತೇಳು ನಿಮಿಷ ತೆಗೆದುಕೊಳ್ಳುವವನ ಆಟ ಅಲ್ಲಿಗೆ ನಿಂತಿತು. ಊರ ಮಟ್ಟದ ಹವ್ಯಾಸಿ ರೇಸಿನಲ್ಲಿ ಈ ನಿಯಮ ಇಟ್ಟುಕೊಳ್ಳಬಾರದು ಎಂದೇ ನಾನು ಹೇಳುವುದು. ಕೊನೆಯವನಾಗಿ ಬಂದರೂ ಪೂರ್ತಿ ಮುಗಿಸಿದೆ ಎಂಬ ಸಮಾಧಾನ ಹೊಸಬನಿಗೆ ಬೇಕು.

ನಡುದಾರಿಯಲ್ಲಿ ಪಂಕ್ಚರ್ ಆದರೆ? ಹೊರಗಿನವರ ನೆರವು ಗುರುತು ಹಾಕಿದ ಒಂದೆರಡು ಜಾಗದಲ್ಲಿ ಮಾತ್ರ. ಬೇರೆಲ್ಲಿ ಕೆಟ್ಟರೂ ತಾನೇ ಸರಿಮಾಡಿಕೊಳ್ಳಬೇಕು, ಇಲ್ಲವೇ ಸೈಕಲ್ ಹೊತ್ತು ಅಲ್ಲಿಯವರೆಗೆ ಓಡಬೇಕು. ಹಾಗಾಗಿ ಚೈನು ಬಿಚ್ಚಿ ಹಾಕಲು ಬಾರದ ಹುಡುಗ ಎಷ್ಟೇ ಗಟ್ಟಿಗನಾದರೂ ಈ ಆಟದಲ್ಲಿ ಅರ್ಧ ಆಟಗಾರ.

ಈಗ ಋತುವಿನ ವಿಷಯ. ನಮ್ಮಲ್ಲಿ ಸೈಕಲ್ ಸ್ಪರ್ಧೆ ಎಂದರೆ ಜಾತ್ರೆಯ ನೆನಪಾಗುತ್ತದೆ. ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಜಾತ್ರೆ ಬಂತೆಂದರೆ ಸೈಕಲ್ ಸ್ಪರ್ಧೆ ಇರಲೇಬೇಕು, ನಗದು ಬಹುಮಾನ ಇಡುತ್ತಾರೆ, ರಸ್ತೆಯ ಎರಡೂ ಬದಿ ಜನ. ಆ ಸೀಮೆಯ ಊರೂರಿನಲ್ಲಿ ಇಂಥದು ನಡೆಯುವುದರಿಂದ ಅಲ್ಲಿಯ ಹುಡುಗನಿಗೆ ಒಂದು ವರ್ಷದಲ್ಲಿ ಹಲವು ರೇಸ್ ಸಿಗುತ್ತವೆ. ಆ ನೆಲದಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಸಾಲುಗಟ್ಟಿ ಬಂದದ್ದಕ್ಕೆ ಅಲ್ಲಿಯ ಕ್ರೀಡಾ ವಸತಿನಿಲಯಗಳು ಎಷ್ಟು ಕಾರಣವೋ ಈ ಜಾತ್ರೆಗಳೂ ಅಷ್ಟೇ ಕಾರಣ ಎಂದು ನಾನು ತಿಳಿದಿದ್ದೇನೆ. ಬೆಂಗಳೂರಿನಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಮಾಡಿದರು. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಷಿಪ್ ಎಂದು ಸವಾರರೇ ಕೂಡಿ ಕಟ್ಟಿಕೊಂಡ ಸರಣಿಯೊಂದಿದೆ. ಕೆಲಸಕ್ಕೆ ಹೋಗುವ ಸಾಮಾನ್ಯ ಜನ ರಜೆಯ ದಿನ ಬೆಳಗ್ಗೆ ಬಂದು ಓಡುತ್ತಾರೆ, ಓಡದವರು ಬಾವುಟ ಹಿಡಿದು ತಿರುವಿನಲ್ಲಿ ನಿಲ್ಲುತ್ತಾರೆ. ರಸ್ತೆಯ ರೇಸಿನ ಜೊತೆಗೆ ಮಣ್ಣಿನ ದಾರಿಯ ಕ್ರಾಸ್‌ಕಂಟ್ರಿಯೂ ಅದರಲ್ಲಿ ಸೇರಿತ್ತು. ರಾಷ್ಟ್ರೀಯ ಮೌಂಟನ್ ಬೈಕ್ (ಎಂಟಿಬಿ) ಚಾಂಪಿಯನ್ ಆದ ಕಿರಣ್ ಕುಮಾರ್ ರಾಜು ಇದೇ ಬೆಂಗಳೂರಿನವರು.

ಒಂದೇ ದಿನದ ದೊಡ್ಡ ಸ್ಪರ್ಧೆಗೂ ಇಂಥ ಸರಣಿಗೂ ಇರುವ ಅಂತರ ದೊಡ್ಡದು. ಮೊದಲ ರೇಸಿನಲ್ಲಿ ಹುಡುಗ ಕಲಿಯುವುದು ತನ್ನ ಉಸಿರಿನ ಮಿತಿ. ಎಲ್ಲರೂ ನುಗ್ಗಿದಾಗ ತಾನೂ ನುಗ್ಗಿ ಎರಡನೇ ಸುತ್ತಿಗೆ ತಲೆ ಸುತ್ತುವುದು ಸಹಜ. ಎರಡನೆಯದರಲ್ಲಿ ಅದನ್ನು ತಿದ್ದಿಕೊಳ್ಳುತ್ತಾನೆ, ಆದರೆ ಇಳುಕಲಿನಲ್ಲಿ ಹೆದರಿ ಬ್ರೇಕ್ ಹಿಡಿದು ಹಿಂದೆ ಬೀಳುತ್ತಾನೆ. ಮೂರನೆಯದರ ಹೊತ್ತಿಗೆ ಇಳಿಯುವುದು ಬಂದಿರುತ್ತದೆ. ಎರಡು ರೇಸಿನ ನಡುವಿನ ನಾಲ್ಕು ವಾರ ಏನು ಮಾಡಬೇಕು ಎಂಬುದು ಅವನಿಗೆ ಯಾರೂ ಹೇಳದೆ ತಿಳಿಯುತ್ತದೆ, ಏಕೆಂದರೆ ಎಲ್ಲಿ ಸೋತೆ ಎಂಬುದು ಮೈಗೆ ಗೊತ್ತಿರುತ್ತದೆ. ಪ್ರತಿ ರೇಸಿಗೂ ಅಂಕ ಕೊಟ್ಟು, ನಾಲ್ಕರಲ್ಲಿ ಒಳ್ಳೆಯ ಮೂರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಪರೀಕ್ಷೆಗೋ ಮದುವೆಗೋ ಹೋಗಿ ಒಂದನ್ನು ತಪ್ಪಿಸಿಕೊಂಡವನೂ ಕಣದಲ್ಲಿ ಉಳಿಯುತ್ತಾನೆ. ಒಂದು ಸಲದ ಮೇಳದಲ್ಲಿ ಇದ್ಯಾವುದೂ ಆಗುವುದಿಲ್ಲ. ಹೊರಗಿನಿಂದ ಪಳಗಿದ ಸವಾರರು ಬಂದು ಬಹುಮಾನ ಒಯ್ಯುತ್ತಾರೆ, ನಮ್ಮವರು ಚಪ್ಪಾಳೆ ತಟ್ಟಿ ಮನೆಗೆ ಬರುತ್ತಾರೆ, ಮರುವರ್ಷದವರೆಗೆ ಸೈಕಲ್ ಮೂಲೆ ಸೇರುತ್ತದೆ.

ನಮ್ಮ ನೆಲಕ್ಕೆ ಇದೆಲ್ಲ ದೂರದ ಮಾತೇ? 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ ನಡೆದದ್ದು ಹಿಮಾಲಯದಲ್ಲಲ್ಲ, ನಮ್ಮ ಪಕ್ಕದ ಗದಗದಲ್ಲಿ. ಹೊಸಪೇಟೆಯಿಂದ ರೈಲು ಹತ್ತಿದರೆ ಎರಡು ತಾಸಿನ ಆಸುಪಾಸು. ಗದಗದ ಗುಡ್ಡ ಕುರುಚಲು ಗಿಡ, ಕೆಂಪು ಮಣ್ಣು, ಸಡಿಲ ಕಲ್ಲಿನದು. ನಮ್ಮಲ್ಲಿ ಇರುವುದೂ ಅದೇ, ಅದಕ್ಕಿಂತ ಒಂದು ಕೈ ಹೆಚ್ಚೇ. 2023ರ ಅಕ್ಟೋಬರಿನಲ್ಲಿ ಕೇರಳದ ಪೊನ್ಮುಡಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆಯಿತು, ಪ್ಯಾರಿಸ್ ಒಲಿಂಪಿಕ್ಸಿನ ದಾರಿ ಅಲ್ಲಿಂದ ಹೋಗುತ್ತಿತ್ತು. ಅಂದರೆ ಈ ಆಟಕ್ಕೆ ಹಿಮದ ಬೆಟ್ಟವೇ ಆಗಬೇಕೆಂದಿಲ್ಲ ಎಂಬುದು ದಕ್ಷಿಣದಲ್ಲಿ ಎರಡೆರಡು ಸಲ ಸಾಬೀತಾಗಿದೆ.

ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿ ಎಂಬ ನಮ್ಮ ನಾಲ್ಕು ಊರುಗಳ ನೆಲ ಎಷ್ಟು ಬೇರೆ ಬೇರೆ ಎಂಬುದನ್ನು ಸೈಕಲ್ ತುಳಿದವರೇ ಬಲ್ಲರು. ಹೊಸಪೇಟೆಯ ಸುತ್ತ ಗ್ರಾನೈಟ್. ಜಂಬುನಾಥನ ಗುಡ್ಡದ ಕಡೆಗೋ ಜೋಳದ ರಾಶಿ ಗುಡ್ಡದ ಕಡೆಗೋ ಹೋದರೆ ಸಿಗುವ ಬಂಡೆಯ ಮೇಲೆ ಒಣಗಿದ್ದಾಗ ಟಯರು ಅಂಟಿ ಕೂರುತ್ತದೆ, ಎಂಥ ಕಡಿದಾದ ಏರನ್ನೂ ಹತ್ತಿಸಬಹುದು. ಆದರೆ ಅದೇ ಬಂಡೆಯ ಮೇಲೆ ಚಿಟಿಕೆಯಷ್ಟು ಉಸುಕು ಬಿದ್ದಿದ್ದರೂ ಮುಂದಿನ ಗಾಲಿ ಜಾರಿತೆಂದೇ ಲೆಕ್ಕ. ಬಂಡೆ ಮುಗಿದು ಮಣ್ಣು ಶುರುವಾಗುವ ಆ ಒಂದು ಗೇಣಿನ ಜಾಗದಲ್ಲೇ ಹೆಚ್ಚಿನವರು ಬೀಳುವುದು. ಪಳಗಿದವರು ಬ್ರೇಕನ್ನು ಬಂಡೆಯ ಮೇಲೇ ಹಿಡಿದು ಮುಗಿಸಿ, ಉಸುಕಿನ ಮೇಲೆ ಗಾಲಿಯನ್ನು ಬಿಟ್ಟುಕೊಡುತ್ತಾರೆ.

ಸಂಡೂರಿನದು ಬೇರೆ ಜಗತ್ತು. ರಾಮಗಡದ ಗುಡ್ಡ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸು ಏರುತ್ತದೆ. ಬಳ್ಳಾರಿಯ ಬಿಸಿಲು ತಾಳದೆ ಬ್ರಿಟಿಷರು ತಮ್ಮ ಸೈನಿಕರಿಗೆ ಅಲ್ಲಿ ಆರೋಗ್ಯಧಾಮ ಕಟ್ಟಿದ್ದರು. ಭೀಮನಗಂಡಿ, ಓಬಳಗಂಡಿಗಳ ನಡುವಿನ ಕಣಿವೆ, ನಾರಿಹಳ್ಳದ ನೀರು, ಕುಮಾರಸ್ವಾಮಿ ಗುಡಿಯ ಕಡೆಗೆ ಹೋಗುವ ಕಾಡಿನ ಏರು ಇವೆಲ್ಲ ಉದ್ದ ಏರು ಕಲಿಯಲು ಹೇಳಿಮಾಡಿಸಿದ ಜಾಗ. 1934ರಲ್ಲಿ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದಿದ್ದರೆಂಬ ಮಾತು ಊರವರ ಬಾಯಲ್ಲಿ ಇಂದಿಗೂ ಇದೆ. ನೋಡಲು ಸೆಪ್ಟೆಂಬರ್ ಸರಿ, ರೇಸಿಗೆ ಅಲ್ಲ. ಮಳೆ ಬಿದ್ದ ಅದಿರಿನ ಮಣ್ಣು ಸಾಬೂನಿನಂತೆ ಜಾರುತ್ತದೆ. ಒಣಗಿದಾಗ ಅದರ ಗುಣವೇ ಬೇರೆ. ಕೆಂಪು ಧೂಳು ಹಿಟ್ಟಿನಷ್ಟು ನುಣ್ಣಗಾಗಿ ಚೈನಿನ ಕೊಂಡಿ ಕೊಂಡಿಯ ಒಳಗೂ ಸೇರುತ್ತದೆ. ಎಣ್ಣೆ ಜಾಸ್ತಿ ಬಿಟ್ಟಷ್ಟೂ ಧೂಳು ಹೆಚ್ಚು ಕಚ್ಚಿಕೊಂಡು ಚೈನನ್ನೇ ಸವೆಸಿಬಿಡುತ್ತದೆ. ಸಂಡೂರಿನ ಹುಡುಗರು ಇದನ್ನು ತಾವಾಗಿಯೇ ಕಂಡುಕೊಂಡಿದ್ದಾರೆ. ಒಬ್ಬ ಹುಡುಗ ಸೈಕಲ್ ತಲೆಕೆಳಗು ನಿಲ್ಲಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ, ಕೊಂಡಿಗೆ ಒಂದೊಂದೇ ತೊಟ್ಟು ಎಣ್ಣೆ ಬಿಟ್ಟು, ಆಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯುವುದನ್ನು ನೋಡಿದ್ದೇನೆ. "ಒಳಗ ಇರಬೇಕು ಎಣ್ಣಿ, ಹೊರಗ ಕಾಣಬಾರ್ದು" ಎಂದ. ಯಾವ ಕೋಚೂ ಇದಕ್ಕಿಂತ ಚೆನ್ನಾಗಿ ಹೇಳಲಾರರು.

ಕಂಪ್ಲಿ ಸಪಾಟು, ಭತ್ತದ ನಾಡು, ಅಲ್ಲಿ ಗುಡ್ಡದ ರೇಸ್ ಏನು ಎಂದು ಕೇಳುವವರಿದ್ದಾರೆ. ನನ್ನ ಪ್ರಕಾರ ಹೊಸಬರ ರೇಸಿಗೆ ಕಂಪ್ಲಿಯೇ ಸರಿ. ರಾಮಸಾಗರ, ಕಂಪ್ಲಿಯ ವಿಜಯನಗರ ಕಾಲದ ಕಾಲುವೆಗಳು ಇವತ್ತಿಗೂ ಹರಿಯುತ್ತಿವೆ, ಅವುಗಳ ಆಚೀಚೆ ಬಂಡಿ ದಾರಿಗಳ ಜಾಲವೇ ಇದೆ. ಏರಿಲ್ಲದಿದ್ದರೂ ತಿರುವುಗಳಿಗೆ ಲೆಕ್ಕವಿಲ್ಲ. ತಿರುವಿನಲ್ಲಿ ವೇಗ ಕಳೆದುಕೊಳ್ಳದೆ ಹೊರಬರುವುದನ್ನು ಇಲ್ಲಿ ಕಲಿತವನು ಎಲ್ಲಿಗೆ ಹೋದರೂ ಉಪಯೋಗಿಸಿಕೊಳ್ಳುತ್ತಾನೆ. ಸಮಸ್ಯೆ ಎರೆ ಮಣ್ಣಿನದು. ಮಸಾರಿ ಹೊಲದ ದಾರಿ ಮಳೆ ಬಂದ ಮರುದಿನವೇ ತುಳಿಯಲು ಬರುತ್ತದೆ, ಎರೆಯದು ಹಾಗಲ್ಲ. ಹಸಿ ಎರೆಯಲ್ಲಿ ಹತ್ತು ಮಾರು ಹೋಗುವುದರೊಳಗೆ ಟಯರಿಗೂ ಫೋರ್ಕಿಗೂ ನಡುವೆ ಮಣ್ಣು ತುಂಬಿ ಗಾಲಿ ನಿಂತೇಬಿಡುತ್ತದೆ. ಕಡ್ಡಿ ಹಾಕಿ ಕೆರೆದು ಮತ್ತೆ ಹತ್ತು ಮಾರು, ಮತ್ತೆ ಕೆರೆ. ಆಮೇಲೆ ಹೆಗಲ ಮೇಲೆ ಹೊರುವುದೇ ದಾರಿ. ಕಾಲುವೆಯಲ್ಲಿ ನೀರು ತುಂಬಿ ಹರಿಯುವಾಗ ಏರಿಯ ಮೇಲೆ ಮಕ್ಕಳನ್ನು ಓಡಿಸುವ ಮಾತೂ ಬೇಡ. ಎಲ್ಲೆಲ್ಸಿ, ಅಂದರೆ ತುಂಗಭದ್ರಾ ಕೆಳಮಟ್ಟದ ಕಾಲುವೆಗೆ ಬಿದ್ದವರನ್ನು ಎತ್ತುವುದು ಎಷ್ಟು ಕಷ್ಟವೆಂದು ದಂಡೆಯ ಊರಿನವರಿಗೆ ಗೊತ್ತು.

ಹಾಗಾದರೆ ಹಂಪಿ? ಬಹಳ ಮಂದಿಗೆ ನನ್ನ ಮಾತು ರುಚಿಸುವುದಿಲ್ಲ, ಆದರೂ ಹೇಳುತ್ತೇನೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು, ಸಂರಕ್ಷಿತ ತಿರುಳೇ ಸುಮಾರು 42 ಚದರ ಕಿಲೋಮೀಟರ್. 1999ರಲ್ಲಿ ಅಪಾಯದ ಅಂಚಿನ ಪಟ್ಟಿಗೆ ಬಿದ್ದು, 2006ರಲ್ಲಷ್ಟೇ ಹೊರಬಂತು. ಅಲ್ಲಿಯ ಬಂಡೆ ನಮಗೆ ಬರಿ ಬಂಡೆಯಾಗಿ ಕಾಣುತ್ತದೆ, ಆದರೆ ಅದರ ಮೇಲೆ ಕಂಬ ನಿಲ್ಲಿಸಲು ಕೊರೆದ ಕುಳಿ ಇರುತ್ತದೆ, ಕಲ್ಲು ಸೀಳಲು ಹೊಡೆದ ಉಳಿಯ ಸಾಲು ಇರುತ್ತದೆ, ಶಾಸನದ ಸಾಲೂ ಇರಬಹುದು. ತುಂಗಭದ್ರಾ ಹೊಳೆಯ ಆಚೆ ಆನೆಗೊಂದಿಯ ಒನಕೆ ಕಿಂಡಿಯಲ್ಲಿ ವಿಜಯನಗರಕ್ಕಿಂತ ಸಾವಿರಾರು ವರ್ಷ ಹಿಂದಿನ ಚಿತ್ರಗಳಿವೆ. ನೂರು ಸೈಕಲ್ಲುಗಳು ಒಂದೇ ಗೆರೆಯಲ್ಲಿ ಐದೈದು ಸುತ್ತು ಹೊಡೆದರೆ ಮೇಲ್ಮಣ್ಣು ಸಡಿಲವಾಗುತ್ತದೆ, ಮುಂದಿನ ಮಳೆಗೆ ಅದು ಕೊರಕಲಾಗುತ್ತದೆ. ಬೇರೆ ಕಡೆ ಕೊರಕಲನ್ನು ಮುಚ್ಚಬಹುದು. ಐನೂರು ವರ್ಷದ ಬುನಾದಿಯ ಪಕ್ಕದಲ್ಲಿ ಹಾಗೆ ಮಾಡಲಾಗದು. ಹಂಪಿಯಲ್ಲಿ ಸೈಕಲ್ ಬೇಡವೆಂದು ನಾನು ಹೇಳುತ್ತಿಲ್ಲ. ನಿಧಾನಕ್ಕೆ ತುಳಿದು ಸುತ್ತಲು ಹಂಪಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿಲ್ಲ, ಇರುವ ರಸ್ತೆಗಳಲ್ಲಿ ಎಷ್ಟು ಬೇಕಾದರೂ ಸುತ್ತಿರಿ. ಗಡಿಯಾರ ಹಿಡಿದು ಓಡುವ ಜಾಗ ಅದಲ್ಲ.

ಹಂಪಿ ಪಕ್ಕದ ಕಮಲಾಪುರದ ಆಚೆಗೂ ಇದೇ ಎಚ್ಚರ ಬೇಕು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಅಲ್ಲಿದೆ. ಕರಡಿ ಓಡಾಡುವುದು ಸಂಜೆಯ ಮೇಲೆ ಮತ್ತು ನಸುಕಿನಲ್ಲಿ, ನಮ್ಮ ಹುಡುಗರು ಅಭ್ಯಾಸಕ್ಕೆ ಹೊರಡುವುದೂ ಅದೇ ಹೊತ್ತಿಗೆ. ಬಂಡೆಗಳ ಸಂದಿಯಲ್ಲಿ ಚಿರತೆಯೂ ಇದೆ. ಸೂರ್ಯ ಮೂಡಿ ಬೆಳಕು ಹರಿದ ಮೇಲೆ ಹೊರಡಿ, ಒಬ್ಬೊಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಬೇಡಿ. ಹೊಳೆಯ ದಂಡೆಯಲ್ಲಿ ತುಂಗಭದ್ರಾ (ಟಿ.ಬಿ.) ಡ್ಯಾಮಿನ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರಿನಷ್ಟು ಜಾಗ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ. ದಂಡೆಗುಂಟ ರೇಸ್ ಹಾಕುವ ಆಸೆ ಹಲವರಿಗಿದೆ, ಅದೂ ಆಗದು.

ಇಷ್ಟೆಲ್ಲ ಬಿಟ್ಟರೆ ಉಳಿಯುವುದೇನು ಎಂದರೆ, ಬೇಕಾದಷ್ಟು ಉಳಿಯುತ್ತದೆ. ಒಂದು ಸುತ್ತಿಗೆ ಬೇಕಿರುವುದು ನಾಲ್ಕು ಕಿಲೋಮೀಟರ್ ಮಾತ್ರ. ಊರಿನ ಗೋಮಾಳ, ಕಂದಾಯ ಭೂಮಿಯ ಗುಡ್ಡದ ಬುಡ, ಒಪ್ಪಿದ ರೈತರ ಕೊಯ್ಲಾದ ಹೊಲದ ಅಂಚು ಸಾಕು. ನವೆಂಬರ್ ಕೊನೆಗೆ ಹಿಂಗಾರು ಮಳೆ ನಿಂತ ಮೇಲೆ ಹೊಸಪೇಟೆಯ ಹೊರವಲಯದಲ್ಲಿ ಸಣ್ಣದೊಂದು ರೇಸಿನಿಂದ ಶುರು ಮಾಡಬಹುದು. ಭತ್ತ ಕೊಯ್ದು, ಬೇಸಿಗೆ ಬೆಳೆಗೆ ನೆಲ ಹದ ಮಾಡುವ ಮೊದಲು ಡಿಸೆಂಬರಿನಲ್ಲಿ ಕಂಪ್ಲಿ. ಜನವರಿಯಲ್ಲಿ ಸಂಡೂರು, ಅದೂ ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಅದಿರಿನ ಲಾರಿ ಓಡುವ ದಾರಿಯನ್ನು ಎಲ್ಲೂ ಮುಟ್ಟದಂತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಖಾಲಿಯಾಗಿದ್ದ ದಾರಿಗಳಲ್ಲಿ ಈಗ ಮತ್ತೆ ಲಾರಿಗಳಿವೆ, ಅವುಗಳ ಧೂಳಿನಲ್ಲಿ ಜೋರಾಗಿ ಉಸಿರೆಳೆಯುವ ಆಟ ಆಡಿಸಬಾರದು. ಕೊನೆಯ ರೇಸ್ ಫೆಬ್ರುವರಿ ದಾಟಬಾರದು. ಮಾರ್ಚ್ ಬಂತೆಂದರೆ ಬಂಡೆ ಕಾದು ಬೆಳಗ್ಗೆ ಒಂಬತ್ತಕ್ಕೇ ಮೈ ಸುಡುತ್ತದೆ, ಮಕ್ಕಳಿಗೆ ಪರೀಕ್ಷೆಯೂ ಹತ್ತಿರ. ಜುಲೈ, ಆಗಸ್ಟಿನಲ್ಲಿ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗಿ ಗಂಗಾವತಿಯ ಕಡೆಯವರು ಸುತ್ತಿ ಬರಬೇಕಾಗುತ್ತದೆ. ಹಾಗಾಗಿ ನಮ್ಮ ಋತು ಚಳಿಗಾಲದ ನಾಲ್ಕು ತಿಂಗಳಿನದು, ಯಾವ ಸಂಸ್ಥೆಯ ಪಂಚಾಂಗವೂ ಅದನ್ನು ಬದಲಿಸಲಾರದು.

ಸೈಕಲ್ ಯಾವುದು ತೆಗೆದುಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಸಲಹೆ ಸರಳ. ಮುಂದೆ ಶಾಕ್, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್, ಹಗುರ ಗೇರ್ ಇದ್ದರೆ ಸಾಕು. ಹಿಂದೆಯೂ ಶಾಕ್ ಇರುವ ಅಗ್ಗದ ಸೈಕಲ್ ಮಾತ್ರ ಬೇಡ. ನೋಡಲು ಜೋರಾಗಿರುತ್ತದೆ, ತೂಕ ಹೆಚ್ಚು, ಏರಿನಲ್ಲಿ ತುಳಿದ ಬಲವನ್ನೆಲ್ಲ ಸ್ಪ್ರಿಂಗೇ ನುಂಗುತ್ತದೆ. ಉಳಿದ ಹಣವನ್ನು ಹೆಲ್ಮೆಟ್ಟಿಗೆ, ಟಯರಿಗೆ ಹಾಕಿ. ನಮ್ಮ ಕಡೆ ಟಯರಿನ ಶತ್ರು ಇಬ್ಬರು, ಬಳ್ಳಾರಿ ಜಾಲಿ ಮತ್ತು ನೆಗ್ಗಿಲು. ಜಾಲಿಯ ಮುಳ್ಳು ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ನೆಗ್ಗಿಲು ನೆಲಕ್ಕಂಟಿ ಹಬ್ಬುವ ಬಳ್ಳಿ, ಅದರ ಒಣಗಿದ ಕಾಯಿ ಒಡೆದು ಚೂರಾಗುತ್ತದೆ, ಪ್ರತಿ ಚೂರೂ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ. ಟ್ಯೂಬ್‌ಲೆಸ್ ಟಯರು ಹಾಕಿ ಒಳಗೆ ಸೀಲಂಟ್ ದ್ರಾವಣ ಬಿಟ್ಟರೆ ಸಣ್ಣ ತೂತು ತಾನಾಗಿ ಮುಚ್ಚುತ್ತದೆ. ಅಷ್ಟು ಖರ್ಚು ಬೇಡವೆಂದರೆ ಪಂಕ್ಚರ್ ಅಂಗಡಿಯವರಿಗೆ ಗೊತ್ತಿರುವ ಉಪಾಯವಿದೆ: ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟಯರಿನ ಒಳಮೈಗೆ ಹಾಸಿ, ಅದರ ಮೇಲೆ ಹೊಸ ಟ್ಯೂಬ್. ತೂಕ ಒಂದಿಷ್ಟು ಹೆಚ್ಚುತ್ತದೆ, ನೆಮ್ಮದಿಯೂ ಹೆಚ್ಚುತ್ತದೆ. ಗಾಳಿ ಮಾತ್ರ ಕಲ್ಲಿನಂತೆ ಹೊಡೆಸಬೇಡಿ. ಟ್ಯೂಬ್ ಇರುವ ಟಯರಿಗೆ 30ರಿಂದ 35 ಪಿಎಸ್‌ಐ ಸಾಕು. ಅದಕ್ಕಿಂತ ಬಿಗಿಯಾದರೆ ಬಂಡೆಯ ಮೇಲೆ ಸೈಕಲ್ ಪುಟಿಯುತ್ತದೆ, ನೆಲ ಹಿಡಿಯುವುದಿಲ್ಲ.

ಇಳುಕಲಿನ ಹೆದರಿಕೆಯ ಬಗ್ಗೆ ತಾಯಂದಿರು ಹೆಚ್ಚು ಕೇಳುತ್ತಾರೆ. ಬೀಳುವವರು ಬೀಳುವುದು ಬಹುಮಟ್ಟಿಗೆ ಸೀಟಿನ ಮೇಲೆ ಕೂತು, ಗಾಲಿಯ ಬುಡವನ್ನೇ ನೋಡುತ್ತ, ಹಿಂದಿನ ಬ್ರೇಕ್ ಒಂದನ್ನೇ ಒತ್ತುವಾಗ. ಎರಡೂ ಪೆಡಲ್ ಸಮಕ್ಕಿಟ್ಟು ನಿಂತು, ಸೊಂಟವನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕನ್ನು ಒಂದೊಂದು ಬೆರಳಲ್ಲಿ ಮೆಲ್ಲಗೆ ಹಿಡಿದು, ಹತ್ತು ಮಾರು ಮುಂದಿನ ದಾರಿ ನೋಡಿದರೆ ಸೈಕಲ್ ತಾನಾಗಿ ದಾರಿ ಹಿಡಿಯುತ್ತದೆ. ಇದನ್ನು ಶಾಲೆಯ ಮೈದಾನದ ಪಕ್ಕದ ದಿಬ್ಬದಲ್ಲೇ ಕಲಿಸಬಹುದು. ತಿನ್ನುವುದಕ್ಕೂ ಪೊಟ್ಟಣದ ಪುಡಿ ಬೇಕಿಲ್ಲ. ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ, ಉಪ್ಪು ಹಾಕಿದ ಲಿಂಬೆ ಶರಬತ್ತು ಇಷ್ಟರಲ್ಲಿ ಒಂದು ಗಂಟೆಯ ಓಟ ಮುಗಿಯುತ್ತದೆ. ಓಟಕ್ಕೆ ಮೊದಲು ಮಿರ್ಚಿ, ಮಂಡಕ್ಕಿ ಬೇಡ, ಮುಗಿದ ಮೇಲೆ ಧಾರಾಳವಾಗಿ ತಿನ್ನಲಿ.

ಮುಂದೆ ಏನಿದೆ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ರಾಜ್ಯ ತಂಡದ ಆಯ್ಕೆ, ಅಲ್ಲಿಂದ ಭಾರತೀಯ ಸೈಕ್ಲಿಂಗ್ ಫೆಡರೇಷನ್ ನಡೆಸುವ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಬ ಏಣಿ ಇದೆ. ರೈಲ್ವೆ, ಸೇನೆಗಳಿಗೆ ತಮ್ಮದೇ ಸೈಕ್ಲಿಂಗ್ ತಂಡಗಳಿವೆ, ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕವರಿದ್ದಾರೆ. ಆ ಮೆಟ್ಟಿಲು ಮುಟ್ಟುವವರು ಕೆಲವೇ ಮಂದಿ. ಉಳಿದವರಿಗೆ ದಕ್ಕುವುದು ಗಟ್ಟಿ ಎದೆ, ಗಟ್ಟಿ ಕಾಲು ಮತ್ತು ತನ್ನ ಸೀಮೆಯ ನೆಲದ ಪರಿಚಯ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಹೆಣ್ಣುಮಕ್ಕಳ ಮಾತು ಇಲ್ಲಿ ಬೇರೆಯಾಗಿಯೇ ಹೇಳಬೇಕು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಹಳ್ಳಿಗಳ ಹುಡುಗಿಯರು ಮಣ್ಣು ರಸ್ತೆಯಲ್ಲಿ ದಿನಾ ಐದಾರು ಕಿಲೋಮೀಟರ್ ತುಳಿದು ಶಾಲೆಗೆ ಹೋದರು. ವಿಜಯಪುರ, ಬಾಗಲಕೋಟೆ, ಗದಗದ ಹೆಣ್ಣುಮಕ್ಕಳು ಸೈಕ್ಲಿಂಗಿನಲ್ಲಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ನಮ್ಮ ಕಡೆ ಯಾವುದೇ ರೇಸ್ ನಡೆದರೂ ಮೊದಲ ದಿನದಿಂದಲೇ ಹುಡುಗಿಯರ ವಿಭಾಗ ಇರಬೇಕು, ಬಹುಮಾನ ಹುಡುಗರದಷ್ಟೇ ಇರಬೇಕು. ಬರುವವರು ಮೂವರೇ ಆದರೂ ಆ ವಿಭಾಗ ರದ್ದಾಗಬಾರದು.

ಇದನ್ನೆಲ್ಲ ಮಾಡಲು ಸ್ಟೇಡಿಯಂ ಬೇಕಿಲ್ಲ, ಕೋಟಿ ರೂಪಾಯಿಯೂ ಬೇಕಿಲ್ಲ. ಸುಣ್ಣದ ಪುಡಿ, ದಾರ, ಬಟ್ಟೆಯ ನಂಬರು, ಗಡಿಯಾರ ಹಿಡಿಯುವ ಇಬ್ಬರು ಪಿ.ಇ. ಮೇಷ್ಟ್ರು, ಅಪಾಯದ ತಿರುವಿಗೊಬ್ಬರಂತೆ ನಿಲ್ಲುವ ಎನ್‌ಎಸ್‌ಎಸ್ ಮಕ್ಕಳು, ಒಂದು ಆಂಬುಲೆನ್ಸ್, ಕುಡಿಯುವ ನೀರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಗೆ, ಸಂಡೂರು, ಕಂಪ್ಲಿ ಬಳ್ಳಾರಿಗೆ ಹಂಚಿಹೋಗಿವೆ. ಆದ್ದರಿಂದ ಎರಡೂ ಜಿಲ್ಲೆಗಳ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ಒಮ್ಮೆ ಕೂತು ದಿನಾಂಕ ಗೊತ್ತು ಮಾಡಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಯ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನ ವಿನಂತಿ ಇಷ್ಟೇ: ಮಳೆಗಾಲದಲ್ಲೇ ನಿಮ್ಮ ಊರಿನ ಹತ್ತಿರದ ನಾಲ್ಕು ಕಿಲೋಮೀಟರಿನ ಒಂದು ಸುತ್ತನ್ನು ನಡೆದು ನೋಡಿ, ಯಾರ ಜಮೀನು, ಯಾವ ಇಲಾಖೆಯ ಅನುಮತಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಅರ್ಜಿಯನ್ನು ಆಗಸ್ಟಿನೊಳಗೆ ಕೊಟ್ಟರೆ ನವೆಂಬರಿಗೆ ರೇಸ್ ಸಾಧ್ಯ.